ಗಾಳಿಗಿಂತ ನೀರಿಗೆ ಹೆದರು

ಮಗಳೇ,

ಗೃಹಪ್ರವೇಶದ ದಿನ ಮನೆ ತುಂಬ ಜನ. ಹಾಲು ಉಕ್ಕಿಸುವ ಹೊತ್ತಿನಲ್ಲಿ ನೆರೆ, ಬಿರುಗಾಳಿ ಅಂತ ಬಾಯಿಬಿಡಬಾರದು ಎಂದು ಸುಮ್ಮನಿದ್ದೆ. ಈಗ ಮೇ ತಿಂಗಳ ಮೊದಲ ವಾರ. ಜೂನ್ 1ರಿಂದ ನವೆಂಬರ್ 30ರವರೆಗೆ ಈ ಕರಾವಳಿಗೆ ಹರಿಕೇನ್ ಕಾಲ. ಇನ್ನೂ ತಡ ಮಾಡಿದರೆ ನಾನು ಹೇಳುವುದರಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಅಳಿಯಂದಿರಿಗೂ ಓದಿ ಹೇಳು.

ಹ್ಯೂಸ್ಟನ್‌ಗೆ ಹೊಸದಾಗಿ ಬಂದ ನಮ್ಮ ಮಕ್ಕಳೆಲ್ಲ ಮೊದಲು ಕೇಳುವುದು ಒಂದೇ: "ಈ ಸಲದ್ದು ಕೆಟಗರಿ ಎಷ್ಟು?" ಟಿವಿಯವರೂ ಅದನ್ನೇ ದೊಡ್ಡದಾಗಿ ತೋರಿಸುತ್ತಾರೆ. ಒಂದರಿಂದ ಐದರವರೆಗಿನ ಆ ನಂಬರು ಗಾಳಿಯ ವೇಗದ್ದು ಮಾತ್ರ. ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಒಂದು, 252 ಮುಟ್ಟಿದರೆ ಐದು. ಮಳೆ ಎಷ್ಟು ಸುರಿಯುತ್ತದೆ, ಸಮುದ್ರ ಎಷ್ಟು ಅಡಿ ಮೇಲೇರುತ್ತದೆ, ನಿನ್ನ ಬೀದಿಯಲ್ಲಿ ನೀರು ಎಷ್ಟು ನಿಲ್ಲುತ್ತದೆ, ಇದಾವುದನ್ನೂ ಆ ನಂಬರು ಹೇಳುವುದಿಲ್ಲ. ಈ ದೇಶದಲ್ಲಿ ಹರಿಕೇನ್ ನೇರವಾಗಿ ಕೊಂದವರಲ್ಲಿ ಬಹುಪಾಲು ಜನ ಸತ್ತದ್ದು ನೀರಿಗೆ, ಗಾಳಿಗಲ್ಲ. ಹಾಗಾಗಿ ನಂಬರು ನೋಡಿ ಹೆದರಲೂಬೇಡ, ನಂಬರು ನೋಡಿ ಧೈರ್ಯ ತಂದುಕೊಳ್ಳಲೂಬೇಡ.

2017ರ ಹಾರ್ವಿಯನ್ನೇ ತೆಗೆದುಕೋ. ಆಗಸ್ಟ್ 25, ಶುಕ್ರವಾರ, ಗಣೇಶ ಚತುರ್ಥಿ. ನಾವೆಲ್ಲ ಗಣಪತಿ ಕೂರಿಸಿ ಕಡುಬು ಮಾಡಿದ ರಾತ್ರಿಯೇ ಅದು ರಾಕ್‌ಪೋರ್ಟ್ ಹತ್ತಿರ ದಡ ಹತ್ತಿತು. ಅಲ್ಲಿ ಅದು ಕೆಟಗರಿ ನಾಲ್ಕು. ರಾಕ್‌ಪೋರ್ಟ್ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ ಅಂತ ಇಲ್ಲಿನ ಜನ ನಿಟ್ಟುಸಿರು ಬಿಟ್ಟರು. ಆಮೇಲೆ ಅದರ ಗಾಳಿ ಇಳಿಯಿತು, ಹರಿಕೇನ್ ಅನ್ನುವ ಹೆಸರೂ ಹೋಯಿತು, ಬರೀ ಟ್ರಾಪಿಕಲ್ ಸ್ಟಾರ್ಮ್ ಆಯಿತು. ಹ್ಯೂಸ್ಟನ್ ಮುಳುಗಿದ್ದು ಆಗ. ಇಲ್ಲಿಂದ ಪೂರ್ವಕ್ಕಿರುವ ನೆಡರ್‌ಲ್ಯಾಂಡ್ ಎಂಬ ಊರಿನಲ್ಲಿ 60.58 ಇಂಚು ಮಳೆ ಅಳೆದರು. ನಮ್ಮ ಲೆಕ್ಕದಲ್ಲಿ 1,539 ಮಿಲಿಮೀಟರ್. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆಯ ಒಂದೂವರೆ ಪಟ್ಟು ಒಂದು ವಾರದೊಳಗೆ ಬಿತ್ತು.

ನಿಮ್ಮ ಮಾವನವರು ಗೃಹಪ್ರವೇಶದ ದಿನ ಹೇಳುತ್ತಿದ್ದರು, "ಆಗುಂಬೆ ಮಳೆ ನೋಡಿದವರು ನಾವು, ಇದೇನು ಮಹಾ" ಅಂತ. ಅವರ ಮಾತಿಗೆ ಎದುರು ಹೇಳಲಿಲ್ಲ, ನಿನಗೆ ಹೇಳುತ್ತೇನೆ. ಆಗುಂಬೆಯಲ್ಲಿ ಬಿದ್ದ ನೀರಿಗೆ ಘಟ್ಟವಿದೆ, ಇಳಿಜಾರಿದೆ, ಇಳಿದು ಹೋಗುತ್ತದೆ. ಹ್ಯೂಸ್ಟನ್ ರೊಟ್ಟಿ ತಟ್ಟುವ ಮಣೆಯ ಹಾಗೆ ಸಪಾಟು. ಕೆಳಗೆ ಜೇಡಿಮಣ್ಣು, ಮೇಲೆ ಕಾಂಕ್ರೀಟು. ನೀರಿಗೆ ಹೋಗಲು ದಾರಿ ಅಂದರೆ ನಿಧಾನವಾಗಿ ತೆವಳುವ ಬಾಯು ಹೊಳೆಗಳು ಮಾತ್ರ. ಅವು ತುಂಬಿದ ಮೇಲೆ ಬೀದಿಯೇ ಹೊಳೆ. ಬೀದಿ ನೀರು ಹಿಡಿದುಕೊಳ್ಳುವ ಹಾಗೆಯೇ ಈ ಊರನ್ನು ಕಟ್ಟಿದ್ದಾರೆ. ಅಷ್ಟರಲ್ಲೇ ನಿಂತರೆ ಗಾಬರಿ ಬೇಡ. ಅಲ್ಲಿಂದ ಹೊಸ್ತಿಲಿಗೆ ಎಷ್ಟು ಅಂತರ ಎನ್ನುವುದು ನಿನಗೆ ಗೊತ್ತಿರಬೇಕು.

ಮೊದಲ ಕೆಲಸ, ನಿನ್ನ ಮನೆಯ ನೀರು ಯಾವ ಕಡೆಯಿಂದ ಬರುತ್ತದೆ ಎಂದು ತಿಳಿದುಕೊಳ್ಳುವುದು. ನೀವು ಮನೆ ತೆಗೆದುಕೊಂಡದ್ದು ಕೇಟಿ ಕಡೆ. ನೀವಿಬ್ಬರೂ ಭಾನುವಾರ ಸೈಕಲ್ ಹೊಡೆಯುವ ಜಾರ್ಜ್ ಬುಷ್ ಪಾರ್ಕ್ ಇದೆಯಲ್ಲ, ಅದು ಬಾರ್ಕರ್ ಜಲಾಶಯದ ಒಳಗೇ ಇದೆ. ವರ್ಷದ ಹೆಚ್ಚು ದಿನ ಒಣಗಿರುವುದರಿಂದ ಯಾರಿಗೂ ಅದು ಅಣೆಕಟ್ಟು ಅನ್ನಿಸುವುದಿಲ್ಲ. 1935ರ ಪ್ರವಾಹದಲ್ಲಿ ಡೌನ್‌ಟೌನ್ ಮುಳುಗಿತ್ತು. ಹಾಗೆ ಮತ್ತೆ ಆಗಬಾರದೆಂದು 1940ರ ದಶಕದಲ್ಲಿ ಬಾರ್ಕರ್, ಆಡಿಕ್ಸ್ ಎರಡನ್ನೂ ಕಟ್ಟಿದರು. ಆಗ ಸುತ್ತ ಗದ್ದೆ, ಹುಲ್ಲುಗಾವಲು. ಆಮೇಲೆ ಮನೆಗಳು ಬಂದವು, ನೀರು ತುಂಬಿ ನಿಲ್ಲುವ ಜಾಗದವರೆಗೂ ಬಂದವು. ಹಾರ್ವಿಯಲ್ಲಿ ಜಲಾಶಯ ತುಂಬಿ ಹಿಂಬದಿಯ ಮನೆಗಳಿಗೆ ನೀರು ಏರಿತು. ಒತ್ತಡ ತಾಳದೆ ಗೇಟು ತೆಗೆದಾಗ ಮುಂದಿನ ಬಫಲೋ ಬಾಯು ದಡದ ಮನೆಗಳೂ ಮುಳುಗಿದವು. ಮಳೆ ನಿಂತು ಬಿಸಿಲು ಬಂದ ಮೇಲೂ ನೀರು ಏರುತ್ತಿದ್ದ ಬೀದಿಗಳಿದ್ದವು. ಮಳೆ ನಿಂತಿತು ಅಂತ ಗಂಟು ಬಿಚ್ಚಬಾರದು ಎಂದು ನಾನು ಹೇಳುವುದು ಅದಕ್ಕೇ.

ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಪ್ರವಾಹ ನಿಯಂತ್ರಣ ಇಲಾಖೆಯವರು ಹೊಳೆಗಳ ಮಟ್ಟವನ್ನು ಕ್ಷಣಕ್ಷಣವೂ ಇಂಟರ್ನೆಟ್‌ನಲ್ಲಿ ಹಾಕುತ್ತಾರೆ. ನಿಮಗೆ ಹತ್ತಿರದ ಮಾಪಕ ಯಾವುದು ಎಂದು ಈಗಲೇ ಹುಡುಕಿ ಇಬ್ಬರ ಫೋನಿನಲ್ಲೂ ಉಳಿಸಿಕೊಳ್ಳಿ. ಪಕ್ಕದ ಮನೆಯಲ್ಲಿ ಹಳಬರಿದ್ದರೆ ಒಂದು ಸಂಜೆ ಹೋಗಿ ಕೇಳು, ಹಾರ್ವಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು. ಅವರು ತೋರಿಸುವ ಗುರುತು ಯಾವ ನಕಾಶೆಗಿಂತಲೂ ಹೆಚ್ಚು ನಂಬಿಕೆಯದು.

ನಕಾಶೆಯ ಮಾತು ಬಂತು. "ನಮ್ಮ ಮನೆ ಫ್ಲಡ್ ಝೋನ್‌ನಲ್ಲಿ ಇಲ್ಲ, ಬ್ಯಾಂಕಿನವರು ಇನ್ಶೂರೆನ್ಸ್ ಕೇಳಲಿಲ್ಲ" ಅಂತ ಅಳಿಯಂದಿರು ಸಮಾಧಾನವಾಗಿ ಹೇಳಿದರು. ಆ ಸಮಾಧಾನ ನನಗಿಲ್ಲ. ಹಾರ್ವಿಯಲ್ಲಿ ಹ್ಯಾರಿಸ್ ಕೌಂಟಿಯೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿತು. ಅದರಲ್ಲಿ ಮೂರಕ್ಕೆ ಎರಡು ಪಾಲು ನಕಾಶೆಯ "ನೂರು ವರ್ಷದ ಪ್ರವಾಹ" ಗೆರೆಯ ಹೊರಗಿದ್ದ ಮನೆಗಳು. ಹೆಚ್ಚಿನವರಿಗೆ ಪ್ರವಾಹದ ವಿಮೆಯೇ ಇರಲಿಲ್ಲ. ನೂರು ವರ್ಷಕ್ಕೊಮ್ಮೆ ಎಂದರೆ ನಿಮ್ಮ ಕಾಲಕ್ಕೆ ಬರುವುದಿಲ್ಲ ಎಂದು ತಿಳಿಯಬೇಡಿ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ ಅದರ ಲೆಕ್ಕ. ಆ ಗೆರೆಯ ಮೇಲಿರುವ ಮನೆಗೆ ನಿಮ್ಮ ಮೂವತ್ತು ವರ್ಷದ ಸಾಲ ತೀರುವುದರೊಳಗೆ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಮನೆಯ ಮಾಮೂಲಿ ವಿಮೆ ಪ್ರವಾಹದ ನೀರಿಗೆ ಒಂದು ಡಾಲರ್ ಕೊಡುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. 1968ರಿಂದ ಸರ್ಕಾರವೇ ನಡೆಸುವ ರಾಷ್ಟ್ರೀಯ ಪ್ರವಾಹ ವಿಮೆ ಇದೆ. ಕಟ್ಟಡಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ, ಒಳಗಿನ ಸಾಮಾನಿಗೆ ಒಂದು ಲಕ್ಷದವರೆಗೆ. ಸಾಮಾನಿನ ಭಾಗವನ್ನು ಬೇರೆಯಾಗಿ ಕೇಳಿ ತೆಗೆದುಕೊಳ್ಳಬೇಕು, ಬಹಳ ಜನ ಮರೆಯುತ್ತಾರೆ. ಒಡವೆಗೆ ಅದರಲ್ಲಿ ಸಿಗುವುದು ಬಹಳ ಕಡಿಮೆ. ನಿನ್ನ ತಾಯಿ ಕೊಟ್ಟ ಸರ, ಬಳೆಗಳನ್ನು ಕೆಳಗಿನ ಬೀರುವಿನಲ್ಲಿಟ್ಟು ವಿಮೆ ನಂಬಬೇಡ. ಎಲ್ಲಕ್ಕಿಂತ ಮುಖ್ಯವಾದ ಮಾತು: ಈ ಪಾಲಿಸಿ ತೆಗೆದುಕೊಂಡ ಮೂವತ್ತು ದಿನದ ನಂತರವೇ ಜಾರಿಗೆ ಬರುತ್ತದೆ. ಇಲ್ಲಿನ ಕೊಲ್ಲಿಯಲ್ಲಿ ಸುಳಿ ಕಾಣಿಸಿಕೊಂಡ ಮೇಲೆ ಏಜೆಂಟಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಹಾಗೆಯೇ ಮಾಮೂಲಿ ಪಾಲಿಸಿಯಲ್ಲಿ ಗಾಳಿಯ ಹಾನಿಗೆ ನಿಮ್ಮ ಕೈಯಿಂದ ಮೊದಲು ಹೋಗುವ ಹಣ ಎಷ್ಟು ಎಂದು ಓದಿ ನೋಡಿ. ಅದನ್ನು ಶೇಕಡಾ ಲೆಕ್ಕದಲ್ಲಿ ಬರೆದಿರುತ್ತಾರೆ. ನಾಲ್ಕು ಲಕ್ಷದ ಮನೆಗೆ ಶೇಕಡಾ ಎರಡು ಅಂದರೆ ಎಂಟು ಸಾವಿರ ಡಾಲರ್. ಅಷ್ಟು ಹಣ ಬ್ಯಾಂಕಿನಲ್ಲಿ ಮುಟ್ಟದೆ ಇರಲಿ.

ಇನ್ನು ಹೊರಡುವುದೋ ಇರುವುದೋ ಎಂಬ ಪ್ರಶ್ನೆ. ಇದನ್ನು ಆ ದಿನ ಕೂತು ಚರ್ಚೆ ಮಾಡಬೇಡಿ. ಆ ದಿನ ಮನಸ್ಸು ಉಳಿಯುವುದಕ್ಕೇ ಕಾರಣ ಹುಡುಕುತ್ತದೆ. ಗಣಪತಿಯನ್ನು ಇನ್ನೂ ಬಿಟ್ಟಿಲ್ಲ ಅನ್ನುತ್ತದೆ, ಅತ್ತೆಗೆ ಮೊಣಕಾಲು ನೋವು ಅನ್ನುತ್ತದೆ, ಆಫೀಸಿನ ಕೆಲಸ ಅನ್ನುತ್ತದೆ. ಈ ಕಾಲದ ಬಿರುಸು ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ನಮ್ಮ ಗಣಪತಿ, ಪಿತೃಪಕ್ಷ, ನವರಾತ್ರಿ ಎಲ್ಲ ಹೆಚ್ಚಾಗಿ ಅದರೊಳಗೇ ಬರುತ್ತವೆ. 2024ರಲ್ಲಿ ಮಿಲ್ಟನ್ ಫ್ಲಾರಿಡಾದ ದಡ ಹತ್ತಿದ್ದು ನವರಾತ್ರಿಯ ನಡುವೆ, ಅಕ್ಟೋಬರ್ 9ರ ರಾತ್ರಿ. ಗೊಂಬೆ ಕೂರಿಸಿದ ಮನೆ ಬಿಟ್ಟು ಹೊರಡಲು ಎಷ್ಟು ಸಂಕಟವಾಗುತ್ತದೆ ನನಗೆ ಗೊತ್ತು. ದೇವರು ಎಲ್ಲಿ ಕೂತರೂ ದೇವರೇ. ಮೂರ್ತಿಯನ್ನು ಮಹಡಿಯ ಮೇಲಿಟ್ಟು ಕೈಮುಗಿದು ಹೊರಡು.

ಅದಕ್ಕೇ ಈಗಲೇ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ: ಏನಾದರೆ ಹೊರಡುತ್ತೇವೆ, ಎಲ್ಲಿಗೆ, ಯಾವ ರಸ್ತೆ. ಇಲ್ಲಿನ ಅಧಿಕಾರಿಗಳು ಹೇಳುವ ಮಾತೊಂದಿದೆ, ನೀರಿನಿಂದ ಓಡು, ಗಾಳಿಯಿಂದ ಅಡಗು. 2005ರಲ್ಲಿ ಕತ್ರೀನಾ ನ್ಯೂ ಆರ್ಲಿಯನ್ಸ್ ಮುಳುಗಿಸಿ ತಿಂಗಳು ತುಂಬುವ ಮೊದಲೇ ರೀಟಾ ಬಂತು. ಹೆದರಿದ ಊರಿಗೆ ಊರೇ ರಸ್ತೆಗಿಳಿಯಿತು. ಇಪ್ಪತ್ತೈದು ಲಕ್ಷದ ಹತ್ತಿರ ಜನ ಒಟ್ಟಿಗೆ ಹೆದ್ದಾರಿಯಲ್ಲಿ ನಿಂತರು. ಉರಿಬಿಸಿಲು, ಪೆಟ್ರೋಲಿಲ್ಲ, ನೀರಿಲ್ಲ. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ 23 ಮಂದಿ ಹೋದರು. ಟೆಕ್ಸಸ್‌ನಲ್ಲಿ ರೀಟಾಗಿಂತ ಅದರಿಂದ ತಪ್ಪಿಸಿಕೊಳ್ಳಲು ಹೊರಟ ದಾರಿಯೇ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಗ್ಯಾಲ್ವೆಸ್ಟನ್ ಮತ್ತು ಕೊಲ್ಲಿಯ ಅಂಚಿನವರು ಸಮುದ್ರ ನುಗ್ಗುವುದಕ್ಕೆ ಹೆದರಿ ಹೊರಡಲೇಬೇಕು, ಅವರಿಗೆ ಜಿಪ್ ಕೋಡ್ ಪ್ರಕಾರ ವಲಯಗಳಿವೆ. ಕೇಟಿ ಅದರಲ್ಲಿ ಬರುವುದಿಲ್ಲ. ಬರೀ ಗಾಳಿಯದಾದರೆ ನೀವು ಮನೆಯಲ್ಲೇ ಇರಿ, ಅವರಿಗೆ ರಸ್ತೆ ಬಿಟ್ಟುಕೊಡಿ. ಭಾರಿ ಮಳೆಯ ಮುನ್ಸೂಚನೆ ಇದ್ದರೆ, ಜಲಾಶಯ ತುಂಬುವ ಮಾತು ಬಂದರೆ, ಡಲ್ಲಾಸ್‌ವರೆಗೆ ಓಡಬೇಕಾಗಿಲ್ಲ. ಎತ್ತರದ ಜಾಗದಲ್ಲಿ ಮನೆಯಿರುವ ಸ್ನೇಹಿತರೊಬ್ಬರನ್ನು ಈಗಲೇ ಕೇಳಿಟ್ಟುಕೊಳ್ಳಿ. ರಸ್ತೆ ಒಣಗಿರುವಾಗಲೇ, ಹಗಲಿನಲ್ಲೇ ಹೋಗಿ. ಏನೂ ಆಗದೆ ವಾಪಸು ಬಂದರೆ ನಾಚಿಕೆಪಡಬೇಡಿ, ಒಂದು ರಾತ್ರಿ ಸ್ನೇಹಿತರ ಮನೆಯಲ್ಲಿ ಉಂಡು ಬಂದಿರಿ ಅಷ್ಟೇ.

ನೀರು ನಿಂತ ರಸ್ತೆಗೆ ಕಾರು ಇಳಿಸುವುದಂತೂ ಬೇಡವೇ ಬೇಡ. ಹರಿಯುವ ನೀರು ಆರು ಇಂಚಿದ್ದರೆ ನಿಂತ ಮನುಷ್ಯನನ್ನು ಬೀಳಿಸುತ್ತದೆ, ಹನ್ನೆರಡು ಇಂಚು ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಹ್ಯೂಸ್ಟನ್‌ನ ಅಂಡರ್‌ಪಾಸ್‌ಗಳಲ್ಲಿ ರಾತ್ರಿ ಹೊತ್ತು ಆಳ ಕಾಣುವುದೇ ಇಲ್ಲ. ಅಳಿಯಂದಿರಿಗೆ ಈ ಸಾಲನ್ನು ಎರಡು ಸಲ ಓದು. ಮನೆಯೊಳಗೆ ಸಿಕ್ಕಿಕೊಂಡು ನೀರು ಏರಿದರೆ ಅಟ್ಟ ಹತ್ತಿ ಬಾಗಿಲು ಮುಚ್ಚಿಕೊಳ್ಳಬೇಡಿ. ಅಲ್ಲಿಂದ ಹೊರಬರಲು ದಾರಿಯಿಲ್ಲದೆ ಕತ್ರೀನಾದಲ್ಲಿ ಜನ ಸತ್ತಿದ್ದಾರೆ. ಕೈಯಲ್ಲಿ ಕೊಡಲಿಯಿಲ್ಲದೆ ಅಟ್ಟಕ್ಕೆ ಹೋಗಬೇಡಿ, ಮಾಡಿನ ಮೇಲೆ ಹೋಗಿ ಎಂದು ಹಾರ್ವಿಯಲ್ಲಿ ಅಧಿಕಾರಿಗಳು ಸಾರಿ ಸಾರಿ ಹೇಳಿದ್ದರು.

ಗಾಳಿಗೆ ಸಂಬಂಧಿಸಿದ್ದು ಬೇಗ ಹೇಳಿ ಮುಗಿಸುತ್ತೇನೆ. ಕಿಟಕಿಗೆ ಟೇಪು ಅಂಟಿಸುವುದು ದಂಡ, ಗಾಜು ಇನ್ನೂ ದೊಡ್ಡ ಚೂರಾಗುತ್ತದೆ. ಪ್ಲೈವುಡ್ ಹಾಕುವುದಾದರೆ ಈಗಲೇ ಅಳತೆಗೆ ಕೊಯ್ಸಿ, ಯಾವ ಕಿಟಕಿಯದು ಎಂದು ಬರೆದು ಗ್ಯಾರೇಜಿನಲ್ಲಿಡಿ. ಗ್ಯಾರೇಜಿನ ದೊಡ್ಡ ಬಾಗಿಲೇ ಮನೆಯ ಬಲಹೀನ ಜಾಗ, ಅದನ್ನು ಬಲಪಡಿಸುವವರನ್ನು ಕೇಳಿ. ಆ ಬಾಗಿಲಿನ ಮೋಟಾರಿನಿಂದ ಕೆಂಪು ಹಗ್ಗವೊಂದು ನೇತಾಡುತ್ತದೆ. ಕರೆಂಟು ಹೋದಾಗ ಅದನ್ನೆಳೆದು ಕೈಯಲ್ಲಿ ಬಾಗಿಲೆತ್ತುವುದನ್ನು ನೀನೂ ಒಮ್ಮೆ ಮಾಡಿ ಕಲಿ. ಗಾಳಿ ಜೋರಾದಾಗ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಎಲ್ಲರೂ ಕೂರಿ. ನಡುವೆ ಇದ್ದಕ್ಕಿದ್ದಂತೆ ಶಾಂತವಾದರೆ ಅದು ಚಂಡಮಾರುತದ ಕಣ್ಣು ಹಾದುಹೋಗುತ್ತಿರುವುದು. ಸ್ವಲ್ಪ ಹೊತ್ತಿಗೇ ಎದುರು ದಿಕ್ಕಿನಿಂದ ಮತ್ತೆ ಹೊಡೆಯುತ್ತದೆ. ಮುಗಿಯಿತೆಂದು ಹೊರಗೆ ಬರಬೇಡಿ.

ಗಾಳಿ ಹೋದ ಮೇಲಿನ ದಿನಗಳ ಬಗ್ಗೆ ಮಾತ್ರ ನಿಧಾನವಾಗಿ ಓದು. 2024ರ ಜುಲೈ 8ರಂದು ಬಂದ ಬೆರಿಲ್ ಕೆಟಗರಿ ಒಂದು. "ಒಂದೇ ತಾನೆ" ಎಂದವರೇ ಎಲ್ಲ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು, ಎಷ್ಟೋ ಬೀದಿಗಳಿಗೆ ಒಂದು ವಾರವಾದರೂ ಬರಲಿಲ್ಲ. ಜುಲೈ ತಿಂಗಳ ಹ್ಯೂಸ್ಟನ್, ಫ್ಯಾನಿಲ್ಲ, ಎಸಿಯಿಲ್ಲ. ಸೆಕೆಗೆ ಬಳಲಿ ವಯಸ್ಸಾದವರು ಸತ್ತರು. ನಮ್ಮ ಊರಿನ ಮನೆಗಳಿಗೆ ಗಾಳಿಯಾಡಲು ಜಾಗವಿದೆ, ಇಲ್ಲಿಯ ಮನೆ ಎಸಿ ನಂಬಿ ಕಟ್ಟಿದ ಡಬ್ಬಿ. ನಿಮ್ಮ ಅತ್ತೆ ಮಾವ ಇಲ್ಲಿಗೆ ಬರುವುದೂ ಮಕ್ಕಳಿಗೆ ಬೇಸಿಗೆ ರಜೆಯಿರುವ ಇದೇ ತಿಂಗಳುಗಳಲ್ಲಿ. ಅವರನ್ನು ಮೊದಲ ರಾತ್ರಿಯೇ ತಂಪಾದ ಜಾಗಕ್ಕೆ ಸಾಗಿಸುವ ಏರ್ಪಾಡು ಇರಲಿ, ಹೋಟೆಲಾದರೂ ಸರಿ, ಸ್ನೇಹಿತರ ಮನೆಯಾದರೂ ಸರಿ. "ನಮಗೇನೂ ಆಗಲ್ಲ ಬಿಡಮ್ಮ" ಅನ್ನುತ್ತಾರೆ. ಕೇಳಬೇಡ, ಕರೆದುಕೊಂಡು ಹೋಗು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು, ಡಾಕ್ಟರ ಚೀಟಿ, ಪ್ರವಾಸಿ ವಿಮೆಯ ಕಾಗದ ಒಂದೇ ಚೀಲದಲ್ಲಿರಲಿ. ಚೀಟಿಯಲ್ಲಿ ಔಷಧದ ಮೂಲ ಹೆಸರಿರಬೇಕು, ಇಂಡಿಯಾದ ಕಂಪನಿ ಹೆಸರು ಇಲ್ಲಿಯ ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ಇನ್ಸುಲಿನ್ ಇದ್ದರೆ ಅದಕ್ಕೆ ಐಸ್ ಪೆಟ್ಟಿಗೆ ಬೇಕು, ಆದರೆ ಐಸಿಗೆ ನೇರವಾಗಿ ತಾಗಿಸಬಾರದು, ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.

ಜನರೇಟರ್ ತರುವುದಾದರೆ ಅದರ ಜೊತೆಗೇ ಕಾರ್ಬನ್ ಮಾನಾಕ್ಸೈಡ್ ಪತ್ತೆಯಂತ್ರವನ್ನೂ ತನ್ನಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಪ್ರತಿ ಹರಿಕೇನ್ ಆದ ಮೇಲೂ ಹಾಗೆ ಸಾಯುವ ಕುಟುಂಬಗಳಿವೆ. ಗ್ಯಾರೇಜಿನಲ್ಲಿ ಬೇಡ, ಬಾಗಿಲು ತೆರೆದಿಟ್ಟೂ ಬೇಡ. ಮನೆಯಿಂದ ಇಪ್ಪತ್ತು ಅಡಿ ದೂರ, ಹೊಗೆ ಆಚೆ ಹೋಗುವ ಹಾಗೆ ಇಡಿ. ಗೋಡೆಯ ಸಾಕೆಟ್‌ಗೆ ನೇರ ಜೋಡಿಸಿದರೆ ಆ ಕರೆಂಟು ಹಿಂದಕ್ಕೆ ಹರಿದು ಲೈನು ರಿಪೇರಿ ಮಾಡುವವನ ಜೀವ ತೆಗೆಯಬಹುದು. ದೇವರ ಮುಂದೆ ನಂದಾದೀಪ ಇಡುವ ನಿನ್ನ ಪದ್ಧತಿ ನನಗೆ ಇಷ್ಟ. ಆದರೆ ಆ ದಿನಗಳಲ್ಲಿ ಗ್ಯಾಸಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುವುದಿಲ್ಲ. ಬ್ಯಾಟರಿ ದೀಪ ಸಾಕು.

ಅಡುಗೆಮನೆಗೆ ಬಾ. ಇಲ್ಲಿ ನಮಗೆ ಒಂದು ಅನುಕೂಲವಿದೆ, ಒಲೆ ಹಚ್ಚದೆ ಉಣ್ಣುವುದು ನಮ್ಮವರಿಗೆ ಗೊತ್ತು. ಗೊಜ್ಜವಲಕ್ಕಿಗೆ ತಣ್ಣೀರು ಸಾಕು. ತೆಳು ಅವಲಕ್ಕಿಗೆ ಚಟ್ನಿಪುಡಿ, ಎಣ್ಣೆ ಕಲಸಿದರೆ ಒಂದು ಹೊತ್ತಿನ ಊಟ. ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಮಂಡಕ್ಕಿ, ಕಡಲೆಕಾಯಿ, ಉಪ್ಪಿನಕಾಯಿ ಎರಡು ವಾರಕ್ಕಾಗುವಷ್ಟು ಗಾಳಿಯಾಡದ ಡಬ್ಬಿಗಳಲ್ಲಿ ಮೇಲಿನ ಕಪಾಟಿನಲ್ಲಿರಲಿ. ಮಗುವಿನ ಹಾಲಿನ ಪುಡಿ ಬೇರೆ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ. ಮೂರು ದಿನಕ್ಕೆ ಇಡಿ ಅನ್ನುತ್ತಾರೆ, ನೀನು ಒಂದು ವಾರಕ್ಕೆ ಇಡು. ಬಾತ್‌ಟಬ್ಬನ್ನೂ ತುಂಬಿಸು, ಕುಡಿಯಲಿಕ್ಕಲ್ಲ, ಕಕ್ಕಸಿಗೆ ಸುರಿಯಲು. ಅದರ ಬಿರಡೆ ನಂಬುವ ಹಾಗಿಲ್ಲ, ಬೆಳಗಾಗುವುದರೊಳಗೆ ಅರ್ಧ ಸೋರಿಹೋಗಿರುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ನೀರು ಬಿಡು.

ಫ್ರಿಜ್ಜು ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪು ಹಿಡಿಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ನೀವು ಊರು ಬಿಟ್ಟು ಬಂದಾಗ ಒಳಗಿನದು ಕರಗಿ ಮತ್ತೆ ಹೆಪ್ಪುಗಟ್ಟಿತ್ತೋ ಇಲ್ಲವೋ ತಿಳಿಯುವ ಉಪಾಯ ಹೇಳುತ್ತೇನೆ. ಹೊರಡುವ ಮುಂಚೆ ಒಂದು ಲೋಟದಲ್ಲಿ ನೀರು ಗಟ್ಟಿಮಾಡಿ ಮೇಲೊಂದು ನಾಣ್ಯ ಇಡು. ಬಂದಾಗ ನಾಣ್ಯ ಮೇಲೇ ಇದ್ದರೆ ಪದಾರ್ಥ ಸರಿಯಿದೆ. ತಳಕ್ಕೆ ಇಳಿದಿದ್ದರೆ ತುರಿದ ಕಾಯಿ, ದೋಸೆ ಹಿಟ್ಟು ಯಾವುದನ್ನೂ ಉಳಿಸಬೇಡ, ಎಸೆದುಬಿಡು.

ಕಾಗದಪತ್ರದ ವಿಷಯದಲ್ಲಿ ನಿಮ್ಮಂಥವರಿಗೆ ಇಲ್ಲಿ ಹುಟ್ಟಿದವರಿಗಿಂತ ಹೆಚ್ಚು ಎಚ್ಚರ ಬೇಕು. ಪಾಸ್‌ಪೋರ್ಟ್, ವೀಸಾ ಮಂಜೂರಾತಿ ಪತ್ರ, ಮಗುವಿನ ಜನನ ಪತ್ರ, ಮದುವೆ ಸರ್ಟಿಫಿಕೇಟ್, ಡಿಗ್ರಿ ಕಾಗದಗಳು ನೀರಾದರೆ ಮನೆಯ ಜೊತೆಗೆ ಈ ದೇಶದಲ್ಲಿ ನಿಲ್ಲುವ ಆಧಾರಕ್ಕೂ ತೊಂದರೆ. ಎಲ್ಲವನ್ನೂ ನೀರಿಳಿಯದ ಚೀಲಕ್ಕೆ ಹಾಕು, ಫೋಟೋ ತೆಗೆದು ಊರಲ್ಲಿರುವ ನಿನ್ನ ತಮ್ಮನಿಗೂ ಕಳಿಸು. ಹಾಗೇ ಫೋನ್ ಹಿಡಿದು ಕೋಣೆ ಕೋಣೆ ಸುತ್ತು. ಬೀರು ತೆಗೆದು ರೇಷ್ಮೆ ಸೀರೆ, ಕಪಾಟು ತೆಗೆದು ಪಾತ್ರೆ, ವಾಷಿಂಗ್ ಮೆಷಿನ್ನಿನ ನಂಬರು ಎಲ್ಲ ವಿಡಿಯೋದಲ್ಲಿ ಬರಲಿ. ಆಮೇಲೆ ವಿಮೆಯವರು ಕೇಳುವಾಗ ನೆನಪಿನಿಂದ ಪಟ್ಟಿ ಮಾಡಲು ಆಗುವುದಿಲ್ಲ.

ಬೆಂಗಳೂರಿನಲ್ಲಿ ಟಿವಿ ನೋಡಿ ನಿನ್ನ ಅಮ್ಮನ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹತ್ತು ಜನಕ್ಕೆ ಉತ್ತರ ಕೊಡುತ್ತ ಫೋನಿನ ಬ್ಯಾಟರಿ ಕಳೆಯಬೇಡ. ಒಬ್ಬರಿಗೆ ಮಾತ್ರ ಬೆಳಿಗ್ಗೆ, ಸಂಜೆ ಮೆಸೇಜು ಹಾಕು, ಅವರು ಉಳಿದವರಿಗೆ ಹೇಳಲಿ. ಕರೆ ಹೋಗದಿದ್ದಾಗಲೂ ಮೆಸೇಜು ಹೋಗುತ್ತದೆ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ, ಯೂನಿವರ್ಸಿಟಿಗೆ ಹೊಸದಾಗಿ ಬಂದ ಕನ್ನಡದ ಹುಡುಗರಿದ್ದರೆ ಅವರ ನಂಬರೂ ನಿನ್ನ ಹಾಳೆಯಲ್ಲಿರಲಿ. ಕಾರಿಲ್ಲದ ಹುಡುಗರಿಗೆ ಯಾರನ್ನು ಕೇಳಬೇಕೆಂದೂ ತಿಳಿದಿರುವುದಿಲ್ಲ.

ನೀರು ಇಳಿದ ಮೇಲೆ ಬರಿಗಾಲಲ್ಲಿ ಮನೆಯೊಳಗೆ ಕಾಲಿಡಬೇಡ. ಆ ನೀರಿನಲ್ಲಿ ಚರಂಡಿಯದ್ದೆಲ್ಲ ಬೆರೆತಿರುತ್ತದೆ, ಹಾವಿರುತ್ತದೆ. ಬೆಂಕಿ ಇರುವೆಗಳು ಒಂದನ್ನೊಂದು ಹಿಡಿದುಕೊಂಡು ಕಂದು ಚಾಪೆಯಾಗಿ ತೇಲುತ್ತ ಬರುತ್ತವೆ. ಕಸವೆಂದು ಸರಿಸಲು ಹೋದರೆ ಕೈಯೆಲ್ಲ ಹತ್ತುತ್ತವೆ. ಒದ್ದೆ ಗೋಡೆಯಲ್ಲಿ ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯುವುದರಿಂದ ಮೊದಲು ಫೋಟೋ ತೆಗೆದು, ಆಮೇಲೆ ಕಾರ್ಪೆಟ್ಟು ಕಿತ್ತು ಹೊರಗೆ ಹಾಕಿ. ಬಾಗಿಲಿಗೆ ಬಂದು "ಇವತ್ತೇ ಶುರು ಮಾಡ್ತೀವಿ, ಪೂರ್ತಿ ಅಡ್ವಾನ್ಸ್ ಕೊಡಿ" ಅನ್ನುವವರಿಗೆ ಕಾಸೂ ಕೊಡಬೇಡಿ.

ಇಷ್ಟನ್ನೂ ಒಂದೇ ದಿನದಲ್ಲಿ ಮಾಡು ಎನ್ನುವುದಿಲ್ಲ. ಅವಲಕ್ಕಿ, ನೀರು, ಪ್ಲೈವುಡ್ ತಿಂಗಳ ಕೊನೆಯೊಳಗಾದರೆ ಸಾಕು. ಪ್ರವಾಹದ ವಿಮೆ ಮಾತ್ರ ಮುಂದಕ್ಕೆ ಹಾಕಬೇಡ. ಇವತ್ತು ತೆಗೆದುಕೊಂಡರೆ ಜೂನ್ ಮೊದಲ ವಾರಕ್ಕೆ ಜಾರಿಗೆ ಬರುತ್ತದೆ. ಈ ಪತ್ರ ಓದಿ ಮುಗಿಸಿ ಏಜೆಂಟಿಗೆ ಫೋನ್ ಮಾಡು, ಮಾಡಿದ ಮೇಲೆ ನನಗೂ ಒಂದು ಮಾತು ತಿಳಿಸು.

ನಿನ್ನ ದೊಡ್ಡಮ್ಮ